ಮಿದುಳು ಚಿತ್ರಣದ ಗುಂಪು ಹೋಲಿಕೆಗಳಲ್ಲಿ ಸಾರ್ಥಕತಾ ಪರೀಕ್ಷೆಯ ಆಯ್ಕೆ

ಸಾರ್ಥಕತಾ ಪರೀಕ್ಷೆಯು ಎರಡು ಅಥವಾ ಹೆಚ್ಚು ಗುಂಪುಗಳ ಅಳತೆಗಳಲ್ಲಿ ಕಂಡುಬಂದ ವ್ಯತ್ಯಾಸವು ಕೇವಲ ಆಕಸ್ಮಿಕದಿಂದ ಉಂಟಾಗುವಷ್ಟರದ್ದೇ ಅಲ್ಲವೇ ಎಂಬುದನ್ನು ಪರಿಶೀಲಿಸುವ ಸಂಖ್ಯಾಶಾಸ್ತ್ರೀಯ ವಿಧಾನವಾಗಿದೆ. ಎಂಆರ್‌ಐ ಮೊದಲಾದ ಯಂತ್ರಗಳಿಂದ ಪಡೆದ ಮಿದುಳಿನ ಚಿತ್ರಗಳನ್ನು ಬಳಸಿ ರೋಗಿಗಳನ್ನು ಆರೋಗ್ಯವಂತರೊಡನೆ, ವೃದ್ಧರನ್ನು ಯುವಕರೊಡನೆ, ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸುವಾಗ ಈ ಪರೀಕ್ಷೆಗಳು ಅನಿವಾರ್ಯವಾಗುತ್ತವೆ. ಒಂದೇ ಮಿದುಳಿನ ಚಿತ್ರದಲ್ಲಿ ಸುಮಾರು ಒಂದು ಲಕ್ಷ ಅಥವಾ ಅದಕ್ಕೂ ಹೆಚ್ಚು ಬಿಂದುಗಳಲ್ಲಿ ಅಳತೆ ದೊರೆಯುವುದರಿಂದ, ಸಾಮಾನ್ಯ ಪಠ್ಯಪುಸ್ತಕದ ಪರೀಕ್ಷೆಯನ್ನು ಇದ್ದಂತೆಯೇ ಪ್ರಯೋಗಿಸಿದರೆ ಇಲ್ಲದ ವ್ಯತ್ಯಾಸಗಳು ಸಾವಿರಾರು ಸಂಖ್ಯೆಯಲ್ಲಿ 'ಪತ್ತೆ'ಯಾಗುತ್ತವೆ. ಆದ್ದರಿಂದ ಯಾವ ಪರೀಕ್ಷೆಯನ್ನು ಆರಿಸಬೇಕು ಎಂಬುದು ಅಧ್ಯಯನದ ಪ್ರಶ್ನೆ, ಮಾಹಿತಿಯನ್ನು ಸಂಗ್ರಹಿಸಿದ ಕ್ರಮ ಮತ್ತು ಏಕಕಾಲಕ್ಕೆ ನಡೆಸುವ ಹೋಲಿಕೆಗಳ ಸಂಖ್ಯೆ ಈ ಮೂರನ್ನು ಅವಲಂಬಿಸಿದೆ. ಈ ಆಯ್ಕೆಯನ್ನು ಫಲಿತಾಂಶ ನೋಡುವ ಮೊದಲೇ ಮಾಡಬೇಕೆಂಬುದು ಈ ಕ್ಷೇತ್ರದ ಮುಖ್ಯ ನಿಯಮವಾಗಿದೆ.

ಹಿನ್ನೆಲೆ

ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಅತ್ಯಂತ ಪರಿಚಿತ ವಿಧಾನವಾದ ಟಿ-ಪರೀಕ್ಷೆಯ ಮೂಲವನ್ನು ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಹಲವು ಗುಂಪುಗಳನ್ನು ಒಟ್ಟಿಗೆ ಹೋಲಿಸುವ ಪ್ರಸರಣ ವಿಶ್ಲೇಷಣೆಯನ್ನು ರೂಪಿಸಿದರು. ಅಂದರೆ ಇಂದು ಮಿದುಳಿಗೆ ಬಳಸುವ ಪರೀಕ್ಷೆಗಳು ಹುಟ್ಟಿದ್ದು ಬಾರ್ಲಿ ಮತ್ತು ಗೋಧಿಯ ತಾಕುಗಳಲ್ಲಿ.

ಈ ಇತಿಹಾಸಕ್ಕೆ ಕರ್ನಾಟಕದ ನಂಟೂ ಇದೆ. ಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ಜನಿಸಿದರು. ಪಿ. ಸಿ. ಮಹಲನೋಬಿಸ್ ಅವರು 1936ರಲ್ಲಿ ರೂಪಿಸಿದ 'ಮಹಲನೋಬಿಸ್ ದೂರ'ವನ್ನು ಬಳಸಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು ರಾವ್ 1946ರಲ್ಲಿ ಕೇಂಬ್ರಿಜ್‌ಗೆ ತೆರಳಿದರು. ಒಬ್ಬೊಬ್ಬ ವ್ಯಕ್ತಿಯ ಹಲವು ಅಳತೆಗಳನ್ನು ಒಟ್ಟಾಗಿ ಪರಿಗಣಿಸಿ ಗುಂಪುಗಳನ್ನು ಹೋಲಿಸುವ ಸಮಸ್ಯೆ ಅಲ್ಲಿಯೂ ಇತ್ತು. ಇಂದು ಅದೇ ಸಮಸ್ಯೆಯು ಮಿದುಳಿನ ಹಲವು ಭಾಗಗಳ ಅಳತೆಗಳ ರೂಪದಲ್ಲಿ ಎದುರಾಗುತ್ತದೆ. ರಾವ್ 2023ರ ಆಗಸ್ಟ್ 22ರಂದು ನಿಧನರಾದರು.

ಮಿದುಳಿನ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಪರೀಕ್ಷೆ ನಡೆಸಿ, ಫಲಿತಾಂಶವನ್ನು ನಕ್ಷೆಯಂತೆ ತೋರಿಸುವ ಪದ್ಧತಿಯು 1990ರ ದಶಕದಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಸಂಗಡಿಗರು ಬೆಳೆಸಿದ ಎಸ್‌ಪಿಎಂ ತಂತ್ರಾಂಶದ ಮೂಲಕ ವ್ಯಾಪಕವಾಯಿತು. ಎಫ್‌ಎಸ್‌ಎಲ್ ಮತ್ತು ಎಎಫ್‌ಎನ್‌ಐ ಇದೇ ಉದ್ದೇಶದ ಇನ್ನೆರಡು ಪ್ರಸಿದ್ಧ ತಂತ್ರಾಂಶಗಳು.

ಕರ್ನಾಟಕದಲ್ಲಿ ಗುಂಪು ಅಧ್ಯಯನಗಳು

ಬೆಂಗಳೂರಿನಲ್ಲಿ ಮಿದುಳು ಚಿತ್ರಣದ ಸಂಶೋಧನೆ ಹಲವು ಸಂಸ್ಥೆಗಳಲ್ಲಿ ನಡೆಯುತ್ತದೆ. 1974ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ (ನಿಮ್ಹಾನ್ಸ್) ಸ್ಕಿಜೋಫ್ರೇನಿಯಾ, ಗೀಳು ಮನೋರೋಗ ಮೊದಲಾದ ಕಾಯಿಲೆಗಳುಳ್ಳವರ ಮಿದುಳಿನ ಚಿತ್ರಗಳನ್ನು ಆರೋಗ್ಯವಂತರ ಚಿತ್ರಗಳೊಡನೆ ಹೋಲಿಸುವ ಅಧ್ಯಯನಗಳು ನಡೆದಿವೆ. ನಗರದ ಉತ್ತರ ಭಾಗದಲ್ಲಿ ಯಶವಂತಪುರದ ಸಮೀಪವಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಇದರ ಕಟ್ಟಡವನ್ನು 2022ರ ಜೂನ್ 20ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು.

ಈ ಕೇಂದ್ರವು ಎರಡು ದೀರ್ಘಾವಧಿ ಅಧ್ಯಯನಗಳನ್ನು ನಡೆಸುತ್ತಿದೆ. ಒಂದು, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಒಳಗೊಂಡ, 10,000 ಜನರ ಗುರಿಯುಳ್ಳ 'ಸ್ಯಾನ್ಸ್‌ಕಾಗ್' ಅಧ್ಯಯನ. ಮತ್ತೊಂದು, ಬೆಂಗಳೂರು ನಗರದ 1,000 ಜನರ ಗುರಿಯುಳ್ಳ ಟಾಟಾ ವೃದ್ಧಾಪ್ಯ ಅಧ್ಯಯನ. ಇವೆರಡರಲ್ಲಿಯೂ ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆ, ರಕ್ತ ಪರೀಕ್ಷೆ ಮತ್ತು ಮಿದುಳಿನ ಎಂಆರ್‌ಐ ಸೇರಿವೆ. ಮರೆಗುಳಿತನ ಯಾರಲ್ಲಿ, ಏಕೆ ಉಂಟಾಗುತ್ತದೆ ಎಂಬುದನ್ನು ತಿಳಿಯುವುದು ಇವುಗಳ ಉದ್ದೇಶಗಳಲ್ಲಿ ಮುಖ್ಯವಾದುದು. ಇಂತಹ ಅಧ್ಯಯನಗಳ ಮಾಹಿತಿಯಿಂದ ಎತ್ತಬಹುದಾದ ಪ್ರಶ್ನೆಗಳನ್ನೇ ಮುಂದಿನ ಭಾಗಗಳಲ್ಲಿ ಉದಾಹರಣೆಗಳಾಗಿ ತೆಗೆದುಕೊಳ್ಳಲಾಗಿದೆ. ಉದಾಹರಣೆಗಳಲ್ಲಿ ಬರುವ ಅಳತೆಗಳು ಲೆಕ್ಕವನ್ನು ವಿವರಿಸಲೆಂದು ಕಲ್ಪಿಸಿದವುಗಳೇ ಹೊರತು ಈ ಅಧ್ಯಯನಗಳ ಫಲಿತಾಂಶಗಳಲ್ಲ.

ಮೂಲ ಪರಿಕಲ್ಪನೆಗಳು

ವಾಕ್ಸೆಲ್: ಮಿದುಳಿನ ಚಿತ್ರವನ್ನು ಚಿಕ್ಕ ಚಿಕ್ಕ ಘನಾಕೃತಿಗಳಾಗಿ ವಿಭಾಗಿಸಲಾಗುತ್ತದೆ. ಇಂತಹ ಒಂದೊಂದು ಘನವೂ ಒಂದು ವಾಕ್ಸೆಲ್. ರಚನೆಯನ್ನು ತೋರಿಸುವ ಎಂಆರ್‌ಐ ಚಿತ್ರಗಳಲ್ಲಿ ಇದರ ಬದಿ ಸಾಮಾನ್ಯವಾಗಿ 1 ಮಿಲಿಮೀಟರ್, ಚಟುವಟಿಕೆಯನ್ನು ತೋರಿಸುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ 2ರಿಂದ 3 ಮಿಲಿಮೀಟರ್ ಇರುತ್ತದೆ.

ಶೂನ್ಯ ಪ್ರಾಕ್ಕಲ್ಪನೆ: 'ಗುಂಪುಗಳ ನಡುವೆ ನಿಜವಾದ ವ್ಯತ್ಯಾಸವಿಲ್ಲ' ಎಂದು ಪರೀಕ್ಷೆಗಾಗಿ ಇಟ್ಟುಕೊಳ್ಳುವ ಹೇಳಿಕೆ.

ಪಿ-ಮೌಲ್ಯ: ಶೂನ್ಯ ಪ್ರಾಕ್ಕಲ್ಪನೆಯು ನಿಜವೆಂದು ಭಾವಿಸಿದಾಗ, ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸವು ಕಾಣಿಸಿಕೊಳ್ಳುವ ಸಂಭವನೀಯತೆ. ಇದು ಶೂನ್ಯ ಪ್ರಾಕ್ಕಲ್ಪನೆಯು ನಿಜವಾಗಿರುವ ಸಂಭವನೀಯತೆಯಲ್ಲ. ಈ ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದ್ದುದರಿಂದ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಪಿ-ಮೌಲ್ಯದ ಬಳಕೆಯ ಕುರಿತು ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿತು.

ಎರಡು ಬಗೆಯ ದೋಷಗಳು: ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವುದು ಮೊದಲ ಬಗೆಯ ದೋಷ ಅಥವಾ ಹುಸಿ ಪತ್ತೆ. ಇರುವ ವ್ಯತ್ಯಾಸವನ್ನು ಗುರುತಿಸದೆ ಹೋಗುವುದು ಎರಡನೆಯ ಬಗೆಯ ದೋಷ. ಇರುವ ವ್ಯತ್ಯಾಸವನ್ನು ಗುರುತಿಸುವ ಸಂಭವನೀಯತೆಯನ್ನು ಪರೀಕ್ಷೆಯ ಸಾಮರ್ಥ್ಯ ಎನ್ನುತ್ತಾರೆ. ಒಂದು ದೋಷವನ್ನು ಬಿಗಿಯಾಗಿ ತಡೆದಷ್ಟೂ ಮತ್ತೊಂದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ತಗ್ಗಿಸಲು ಭಾಗಿಗಳ ಸಂಖ್ಯೆಯನ್ನು ಹೆಚ್ಚಿಸಬೇಕು ಅಥವಾ ಅಳತೆಯನ್ನು ಹೆಚ್ಚು ನಿಖರಗೊಳಿಸಬೇಕು.

ಪ್ರಶ್ನೆಗೆ ತಕ್ಕ ಪರೀಕ್ಷೆ

ಪರೀಕ್ಷೆಯ ಆಯ್ಕೆಯಲ್ಲಿ ಮೊದಲು ಕೇಳಬೇಕಾದುದು ಗುಂಪುಗಳು ಎಷ್ಟು, ಅಳತೆಗಳು ಪರಸ್ಪರ ಸ್ವತಂತ್ರವೇ ಅಥವಾ ಒಬ್ಬರಿಂದಲೇ ಮತ್ತೆ ಮತ್ತೆ ಪಡೆದವೇ ಎಂಬುದು. ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳು ಹೀಗಿವೆ:

- ಬೇರೆ ಬೇರೆ ಜನರ ಎರಡು ಗುಂಪುಗಳು (ಉದಾಹರಣೆಗೆ, ನೆನಪಿನ ತೊಂದರೆ ಇರುವವರು ಮತ್ತು ಇಲ್ಲದವರು): ಸ್ವತಂತ್ರ ಟಿ-ಪರೀಕ್ಷೆ. ಎರಡು ಗುಂಪುಗಳ ಚದುರುವಿಕೆ ಸಮನಾಗಿಲ್ಲದಿದ್ದರೆ 1947ರಲ್ಲಿ ವೆಲ್ಚ್ ರೂಪಿಸಿದ ಅದರ ಬದಲಿ ರೂಪವು ಸೂಕ್ತ. ರೋಗಿಗಳ ಅಳತೆಗಳು ಆರೋಗ್ಯವಂತರ ಅಳತೆಗಳಿಗಿಂತ ಹೆಚ್ಚು ಚದುರಿರುವುದು ಸಾಮಾನ್ಯವಾದ್ದರಿಂದ ಇದರ ಉಪಯೋಗ ಹೆಚ್ಚು.
- ಒಬ್ಬರದೇ ಎರಡು ಅಳತೆಗಳು (ಚಿಕಿತ್ಸೆಗೆ ಮೊದಲು ಮತ್ತು ನಂತರ): ಜೋಡಿ ಟಿ-ಪರೀಕ್ಷೆ. ಇಲ್ಲಿ ಸ್ವತಂತ್ರ ಪರೀಕ್ಷೆಯನ್ನು ಬಳಸಿದರೆ ವ್ಯಕ್ತಿ ವ್ಯಕ್ತಿಗಳ ನಡುವಿನ ಸಹಜ ಭೇದವು ನಿಜವಾದ ಬದಲಾವಣೆಯನ್ನು ಮುಚ್ಚಿಹಾಕಬಹುದು.
- ಮೂರು ಅಥವಾ ಹೆಚ್ಚು ಗುಂಪುಗಳು (ಆರೋಗ್ಯವಂತರು, ಅಲ್ಪ ಪ್ರಮಾಣದ ಅರಿವಿನ ಕೊರತೆಯುಳ್ಳವರು, ಮರೆಗುಳಿತನವುಳ್ಳವರು): ಪ್ರಸರಣ ವಿಶ್ಲೇಷಣೆ. ಇದು 'ಎಲ್ಲೋ ಒಂದು ಕಡೆ ವ್ಯತ್ಯಾಸವಿದೆ' ಎಂದಷ್ಟೇ ಹೇಳುತ್ತದೆ. ಯಾವ ಎರಡು ಗುಂಪುಗಳ ನಡುವೆ ಎಂಬುದನ್ನು ನಂತರದ ಜೋಡಿ ಹೋಲಿಕೆಗಳಿಂದ ತಿಳಿಯಬೇಕು.
- ವಯಸ್ಸು, ಲಿಂಗ ಮೊದಲಾದವುಗಳ ಪ್ರಭಾವವನ್ನು ಲೆಕ್ಕಕ್ಕೆ ಸೇರಿಸಿದ ಹೋಲಿಕೆ: ಸಹಪ್ರಸರಣ ವಿಶ್ಲೇಷಣೆ ಅಥವಾ ಸಾಮಾನ್ಯ ರೇಖೀಯ ಮಾದರಿ.
- ವರ್ಷಗಳ ಕಾಲ ಮತ್ತೆ ಮತ್ತೆ ಅಳೆದ ಮಾಹಿತಿ: ಮಿಶ್ರ ಪರಿಣಾಮ ಮಾದರಿ. ದೀರ್ಘಾವಧಿ ಅಧ್ಯಯನಗಳಲ್ಲಿ ಕೆಲವರು ನಡುವಿನ ಭೇಟಿಗಳಿಗೆ ಬರದಿರುವುದು ಸಹಜ. ಅಂತಹವರ ಉಳಿದ ಅಳತೆಗಳನ್ನು ಕೈಬಿಡದೆ ಬಳಸಿಕೊಳ್ಳಲು ಈ ಮಾದರಿ ಅವಕಾಶ ನೀಡುತ್ತದೆ.
- ಹಲವು ಭಾಗಗಳ ಅಳತೆಗಳನ್ನು ಒಟ್ಟಾಗಿ ನೋಡುವ ಹೋಲಿಕೆ: ಹೊಟೆಲಿಂಗ್‌ನ ಟಿ-ವರ್ಗ ಪರೀಕ್ಷೆ (1931) ಅಥವಾ ಬಹುಚರ ಪ್ರಸರಣ ವಿಶ್ಲೇಷಣೆ.
- ಅಳತೆಗಳು ಕ್ರಮಾಂಕಗಳಾಗಿರುವಾಗ ಅಥವಾ ವಿತರಣೆ ಬಹಳ ಓರೆಯಾಗಿರುವಾಗ: ಎರಡು ಗುಂಪುಗಳಿಗೆ ಮ್ಯಾನ್-ವಿಟ್ನಿ ಪರೀಕ್ಷೆ (1947), ಜೋಡಿ ಅಳತೆಗಳಿಗೆ ವಿಲ್‌ಕಾಕ್ಸನ್ ಪರೀಕ್ಷೆ (1945), ಮೂರು ಅಥವಾ ಹೆಚ್ಚು ಗುಂಪುಗಳಿಗೆ ಕ್ರುಸ್ಕಲ್-ವಾಲಿಸ್ ಪರೀಕ್ಷೆ (1952).

ಈ ಪಟ್ಟಿಯಲ್ಲಿರುವ ಟಿ-ಪರೀಕ್ಷೆ, ಪ್ರಸರಣ ವಿಶ್ಲೇಷಣೆ ಮತ್ತು ಸಹಪ್ರಸರಣ ವಿಶ್ಲೇಷಣೆಗಳು ಸಾಮಾನ್ಯ ರೇಖೀಯ ಮಾದರಿ ಎಂಬ ಒಂದೇ ಗಣಿತದ ವಿಶೇಷ ರೂಪಗಳಾಗಿವೆ. ಮಿದುಳು ಚಿತ್ರಣದ ತಂತ್ರಾಂಶಗಳು ಈ ಮಾದರಿಯನ್ನು ಆಧಾರವಾಗಿಟ್ಟುಕೊಂಡಿರುವುದಕ್ಕೆ ಇದೇ ಕಾರಣ.

ಟಿ-ಪರೀಕ್ಷೆ ಮತ್ತು ಕ್ರಮಯೋಜನಾ ಪರೀಕ್ಷೆ: ಒಂದು ಕಿರು ಉದಾಹರಣೆ

ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಗಾತ್ರವನ್ನು ಎಂಟು ಜನರಲ್ಲಿ ಅಳೆಯಲಾಗಿದೆ ಎಂದು ಭಾವಿಸೋಣ. ಆರೋಗ್ಯವಂತ ನಾಲ್ವರ ಅಳತೆಗಳು 3.4, 3.5, 3.7 ಮತ್ತು 3.8 ಮಿಲಿಲೀಟರ್. ನೆನಪಿನ ತೊಂದರೆಯುಳ್ಳ ನಾಲ್ವರ ಅಳತೆಗಳು 2.9, 3.1, 3.2 ಮತ್ತು 3.6 ಮಿಲಿಲೀಟರ್. ಮೊದಲ ಗುಂಪಿನ ಸರಾಸರಿ 3.60, ಎರಡನೆಯದರ ಸರಾಸರಿ 3.20, ವ್ಯತ್ಯಾಸ 0.40.

ಟಿ-ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನು ಅದರ ಮಾನಕ ದೋಷವಾದ 0.173ರಿಂದ ಭಾಗಿಸಿದಾಗ 2.31 ದೊರೆಯುತ್ತದೆ. ಎಂಟು ಜನರ ಎರಡು ಗುಂಪುಗಳಿಗೆ, ಎರಡೂ ದಿಕ್ಕಿನ ವ್ಯತ್ಯಾಸವನ್ನು ಪರಿಗಣಿಸುವಾಗ, 0.05ರ ಮಟ್ಟವನ್ನು ದಾಟಲು 2.45 ಬೇಕು. ಆದ್ದರಿಂದ ವ್ಯತ್ಯಾಸವು ಸಾರ್ಥಕವೆನಿಸುವುದಿಲ್ಲ.

ಟಿ-ಪರೀಕ್ಷೆಯು ಅಳತೆಗಳು ಪ್ರಸಾಮಾನ್ಯ ವಿತರಣೆಯನ್ನು, ಅಂದರೆ ಗಂಟೆಯಾಕಾರದ ರೇಖೆಯನ್ನು, ಅನುಸರಿಸುತ್ತವೆ ಎಂಬ ಗೃಹೀತದ ಮೇಲೆ ನಿಂತಿದೆ. ಕ್ರಮಯೋಜನಾ ಪರೀಕ್ಷೆಗೆ ಈ ಗೃಹೀತ ಬೇಕಿಲ್ಲ. ಗುಂಪುಗಳ ನಡುವೆ ನಿಜವಾಗಿ ವ್ಯತ್ಯಾಸವಿಲ್ಲದಿದ್ದರೆ, ಯಾರ ಮೇಲೆ ಯಾವ ಗುಂಪಿನ ಚೀಟಿ ಅಂಟಿಸಿದರೂ ಒಂದೇ ಎಂಬುದು ಇದರ ತರ್ಕ. ಎಂಟು ಜನರನ್ನು ನಾಲ್ಕು ನಾಲ್ವರ ಎರಡು ಗುಂಪುಗಳಾಗಿ 70 ರೀತಿಗಳಲ್ಲಿ ವಿಂಗಡಿಸಬಹುದು. ಈ 70ರಲ್ಲಿ ಮೊದಲ ಗುಂಪಿನ ಸರಾಸರಿಯು ಎರಡನೆಯದಕ್ಕಿಂತ 0.40 ಅಥವಾ ಹೆಚ್ಚು ಅಧಿಕವಾಗುವುದು 3 ವಿಂಗಡಣೆಗಳಲ್ಲಿ ಮಾತ್ರ. ಹಾಗಾಗಿ ಒಂದೇ ದಿಕ್ಕಿನ ಪಿ-ಮೌಲ್ಯ 3/70, ಅಂದರೆ 0.043. ಎರಡೂ ದಿಕ್ಕುಗಳನ್ನು ಪರಿಗಣಿಸಿದರೆ 6/70, ಅಂದರೆ 0.086.

ಈ ಚಿಕ್ಕ ಲೆಕ್ಕದಿಂದ ನಾಲ್ಕು ಸಂಗತಿಗಳು ತಿಳಿಯುತ್ತವೆ. ಮೊದಲನೆಯದಾಗಿ, ಒಂದೇ ದಿಕ್ಕಿನ ಪರೀಕ್ಷೆ 'ಸಾರ್ಥಕ' ಎಂದೂ ಎರಡು ದಿಕ್ಕಿನ ಪರೀಕ್ಷೆ 'ಸಾರ್ಥಕವಲ್ಲ' ಎಂದೂ ಹೇಳುತ್ತದೆ. ಫಲಿತಾಂಶ ನೋಡಿದ ಮೇಲೆ ಅನುಕೂಲವಾದುದನ್ನು ಆರಿಸಿದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಎರಡನೆಯದಾಗಿ, ಭಾಗಿಗಳು ತೀರ ಕಡಿಮೆಯಿದ್ದರೆ ಕ್ರಮಯೋಜನೆಯಿಂದ ಬಹಳ ಚಿಕ್ಕ ಪಿ-ಮೌಲ್ಯ ದೊರೆಯುವುದೇ ಅಸಾಧ್ಯ. ಮೂರು ಮೂವರ ಗುಂಪುಗಳಲ್ಲಿ ಸಾಧ್ಯವಾದ ವಿಂಗಡಣೆಗಳು 20 ಮಾತ್ರ. ಮೂರನೆಯದಾಗಿ, 'ಸಾರ್ಥಕವಲ್ಲ' ಎಂಬುದಕ್ಕೆ 'ವ್ಯತ್ಯಾಸವಿಲ್ಲ' ಎಂಬ ಅರ್ಥವಿಲ್ಲ. ಇಲ್ಲಿ ವ್ಯತ್ಯಾಸದ ಶೇಕಡಾ 95ರ ವಿಶ್ವಾಸಾಂತರವು −0.02ರಿಂದ 0.82ರವರೆಗೆ ಇದೆ. ಅಂದರೆ ವ್ಯತ್ಯಾಸ ಇಲ್ಲದಿರಲೂಬಹುದು, ಬಹಳ ದೊಡ್ಡದಾಗಿರಲೂಬಹುದು. ನಾಲ್ಕನೆಯದಾಗಿ, ತೊಂದರೆಯುಳ್ಳ ಗುಂಪಿನ ಒಬ್ಬರ ಅಳತೆ 3.6 ಆಗಿದ್ದು, ಅದು ಆರೋಗ್ಯವಂತ ಇಬ್ಬರ ಅಳತೆಗಿಂತ ಹೆಚ್ಚಾಗಿದೆ. ಗುಂಪುಗಳ ಸರಾಸರಿ ಬೇರೆಯಾಗಿದ್ದರೂ ಒಬ್ಬ ವ್ಯಕ್ತಿಯ ಅಳತೆಯನ್ನು ನೋಡಿ ಅವರು ಯಾವ ಗುಂಪಿಗೆ ಸೇರಿದವರೆಂದು ಹೇಳಲಾಗದು.

ನೈಜ ಅಧ್ಯಯನಗಳಲ್ಲಿ ವಿಂಗಡಣೆಗಳ ಸಂಖ್ಯೆ ಅಗಾಧವಾಗಿರುವುದರಿಂದ ಗಣಕಯಂತ್ರದಿಂದ ಸಾಮಾನ್ಯವಾಗಿ 5,000 ಅಥವಾ 10,000 ವಿಂಗಡಣೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಲೆಕ್ಕ ಹಾಕಲಾಗುತ್ತದೆ.

ಬಹು ಹೋಲಿಕೆಗಳ ಸಮಸ್ಯೆ

ಒಂದು ಪರೀಕ್ಷೆಯಲ್ಲಿ ಹುಸಿ ಪತ್ತೆಯ ಸಂಭವನೀಯತೆ 0.05 ಇದ್ದರೆ, ಪರಸ್ಪರ ಸ್ವತಂತ್ರವಾದ 20 ಪರೀಕ್ಷೆಗಳಲ್ಲಿ ಕನಿಷ್ಠ ಒಂದಾದರೂ ಹುಸಿ ಪತ್ತೆಯಾಗುವ ಸಂಭವನೀಯತೆ ಸುಮಾರು 0.64ಕ್ಕೆ ಏರುತ್ತದೆ. ಒಂದು ಲಕ್ಷ ವಾಕ್ಸೆಲ್‌ಗಳಲ್ಲಿ ಪರೀಕ್ಷೆ ನಡೆಸಿದರೆ, ಎಲ್ಲಿಯೂ ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಸರಾಸರಿ 5,000 ವಾಕ್ಸೆಲ್‌ಗಳು ಸಾರ್ಥಕವೆಂದು ತೋರುತ್ತವೆ.

ಇದನ್ನು ಮನದಟ್ಟು ಮಾಡಿಸಲು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಎಂಆರ್‌ಐ ಯಂತ್ರದಲ್ಲಿರಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು 'ತೋರಿಸಿ'ದರು. ಬಹು ಹೋಲಿಕೆಯ ತಿದ್ದುಪಡಿಯಿಲ್ಲದೆ ವಿಶ್ಲೇಷಿಸಿದಾಗ ಮೀನಿನ ಮಿದುಳಿನಲ್ಲಿ 'ಚಟುವಟಿಕೆ' ಕಂಡಿತು. ತಿದ್ದುಪಡಿ ಮಾಡಿದೊಡನೆ ಅದು ಮಾಯವಾಯಿತು. 2009ರಲ್ಲಿ ಸಮ್ಮೇಳನವೊಂದರಲ್ಲಿ ಮಂಡಿಸಲಾದ ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಪ್ರಶಸ್ತಿ ದೊರೆಯಿತು.

ತಿದ್ದುಪಡಿಯ ವಿಧಾನಗಳಲ್ಲಿ ಮುಖ್ಯವಾದವು ಎರಡು ಬಗೆಯವು. ಮೊದಲನೆಯದು, ಇಡೀ ಅಧ್ಯಯನದಲ್ಲಿ ಒಂದೂ ಹುಸಿ ಪತ್ತೆಯಾಗದಂತೆ ನೋಡಿಕೊಳ್ಳುವುದು. ಬಾನ್ಫೆರೋನಿ ವಿಧಾನದಲ್ಲಿ 0.05ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಲಾಗುತ್ತದೆ. ಹೋಮ್ ವಿಧಾನವು ಅದನ್ನೇ ಹಂತಹಂತವಾಗಿ ಸಡಿಲಿಸುತ್ತದೆ. ಎರಡನೆಯದು, ಪತ್ತೆಯಾದವುಗಳಲ್ಲಿ ಹುಸಿಯಾದವುಗಳ ಪ್ರಮಾಣವನ್ನು ಮಿತಿಯಲ್ಲಿಡುವುದು. ಇದಕ್ಕಾಗಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ವಿಧಾನವೊಂದನ್ನು ಪ್ರಕಟಿಸಿದರು. 2002ರಲ್ಲಿ ಅದನ್ನು ಮಿದುಳು ಚಿತ್ರಣಕ್ಕೆ ಅಳವಡಿಸಲಾಯಿತು.

ಮಿದುಳಿನ ಐದು ಭಾಗಗಳ ಹೋಲಿಕೆಯಲ್ಲಿ ಪಿ-ಮೌಲ್ಯಗಳು 0.004, 0.011, 0.028, 0.039 ಮತ್ತು 0.210 ಎಂದಿರಲಿ. ಬಾನ್ಫೆರೋನಿ ವಿಧಾನದ ಮಿತಿ 0.01 ಆಗುವುದರಿಂದ ಒಂದು ಭಾಗ ಮಾತ್ರ ಸಾರ್ಥಕವಾಗುತ್ತದೆ. ಹೋಮ್ ವಿಧಾನದಲ್ಲಿ ಮಿತಿಗಳು 0.01, 0.0125, 0.0167 ಎಂದು ಏರುವುದರಿಂದ ಎರಡು ಭಾಗಗಳು ಉಳಿಯುತ್ತವೆ. ಬೆಂಜಮಿನಿ-ಹಾಕ್‌ಬರ್ಗ್ ವಿಧಾನದಲ್ಲಿ ಮಿತಿಗಳು 0.01, 0.02, 0.03, 0.04, 0.05 ಆಗುವುದರಿಂದ ನಾಲ್ಕು ಭಾಗಗಳು ಸಾರ್ಥಕವಾಗುತ್ತವೆ. ಮೂರು ಲೆಕ್ಕಗಳೂ ಸರಿಯೇ. ಅವು ನೀಡುವ ಭರವಸೆಗಳು ಮಾತ್ರ ಬೇರೆ ಬೇರೆ. ಶಸ್ತ್ರಚಿಕಿತ್ಸೆಯಂತಹ ನಿರ್ಧಾರಕ್ಕೆ ಆಧಾರವಾಗುವ ಅಧ್ಯಯನಕ್ಕೆ ಮೊದಲ ಬಗೆಯ ಬಿಗಿ ಬೇಕಾಗಬಹುದು. ಮುಂದಿನ ಸಂಶೋಧನೆಗೆ ದಾರಿ ಹುಡುಕುವ ಅಧ್ಯಯನಕ್ಕೆ ಎರಡನೆಯದು ಸಾಕಾಗಬಹುದು.

ವಾಕ್ಸೆಲ್ ಪರೀಕ್ಷೆ ಮತ್ತು ಗುಚ್ಛ ಪರೀಕ್ಷೆ

ಅಕ್ಕಪಕ್ಕದ ವಾಕ್ಸೆಲ್‌ಗಳ ಅಳತೆಗಳು ಪರಸ್ಪರ ಹೋಲುವುದರಿಂದ ಅವುಗಳ ಪರೀಕ್ಷೆಗಳು ಸ್ವತಂತ್ರವಲ್ಲ. ಹೀಗಾಗಿ ಒಂದು ಲಕ್ಷದಿಂದ ಭಾಗಿಸುವ ಬಾನ್ಫೆರೋನಿ ವಿಧಾನವು ಅಗತ್ಯಕ್ಕಿಂತ ಬಿಗಿಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಕೀತ್ ವರ್ಸ್ಲಿ ಮತ್ತಿತರರು 1990ರ ದಶಕದಲ್ಲಿ ಯಾದೃಚ್ಛಿಕ ಕ್ಷೇತ್ರ ಸಿದ್ಧಾಂತವನ್ನು ಬಳಕೆಗೆ ತಂದರು. ಒಂದೊಂದೇ ವಾಕ್ಸೆಲ್‌ನ ಬದಲು, ಒಂದು ಪ್ರಾಥಮಿಕ ಮಿತಿಯನ್ನು ದಾಟಿದ ಅಕ್ಕಪಕ್ಕದ ವಾಕ್ಸೆಲ್‌ಗಳ ಗುಚ್ಛವು ಎಷ್ಟು ದೊಡ್ಡದಾಗಿದೆ ಎಂಬುದನ್ನು ಪರೀಕ್ಷಿಸುವ ಕ್ರಮವೂ ಬೆಳೆಯಿತು.

2016ರಲ್ಲಿ ಆಂಡರ್ಸ್ ಎಕ್‌ಲುಂಡ್, ಥಾಮಸ್ ನಿಕೋಲ್ಸ್ ಮತ್ತು ಹಾನ್ಸ್ ಕ್ನುಟ್ಸನ್ ಈ ವಿಧಾನಗಳನ್ನು ನೈಜ ಚಿತ್ರಗಳಿಂದಲೇ ಪರಿಶೀಲಿಸಿದರು. 499 ಆರೋಗ್ಯವಂತರ ವಿಶ್ರಾಂತ ಸ್ಥಿತಿಯ ಎಫ್‌ಎಂಆರ್‌ಐ ಚಿತ್ರಗಳನ್ನು ಯಾದೃಚ್ಛಿಕವಾಗಿ ಗುಂಪುಗಳಾಗಿ ವಿಂಗಡಿಸಿ, ಒಟ್ಟು 30 ಲಕ್ಷ ಗುಂಪು ವಿಶ್ಲೇಷಣೆಗಳನ್ನು ನಡೆಸಿದರು. ಎಲ್ಲರೂ ಆರೋಗ್ಯವಂತರೇ ಆದ್ದರಿಂದ ಹುಸಿ ಪತ್ತೆಯು ಶೇಕಡಾ 5ರಷ್ಟು ಇರಬೇಕಿತ್ತು. ಆದರೆ ಗುಚ್ಛ ಪರೀಕ್ಷೆಗಳಲ್ಲಿ ಅದು ಕೆಲವು ಸಂದರ್ಭಗಳಲ್ಲಿ ಶೇಕಡಾ 70ರವರೆಗೆ ಇತ್ತು. ಪ್ರಾಥಮಿಕ ಮಿತಿಯನ್ನು 0.01ರಷ್ಟು ಸಡಿಲವಾಗಿಟ್ಟಾಗ ದೋಷ ಹೆಚ್ಚಾಗಿದ್ದು, 0.001ಕ್ಕೆ ಬಿಗಿಗೊಳಿಸಿದಾಗ ಬಹಳ ಕಡಿಮೆಯಾಯಿತು. ಎರಡು ಗುಂಪುಗಳ ಹೋಲಿಕೆಯಲ್ಲಿ ಕ್ರಮಯೋಜನಾ ಪರೀಕ್ಷೆಯು ನಿರೀಕ್ಷಿತ ಮಟ್ಟದಲ್ಲಿಯೇ ಉಳಿಯಿತು. ಇದರ ನಂತರ ಬಿಗಿಯಾದ ಪ್ರಾಥಮಿಕ ಮಿತಿ ಮತ್ತು ಕ್ರಮಯೋಜನಾ ಪರೀಕ್ಷೆಗಳ ಬಳಕೆ ಹೆಚ್ಚಿತು. ಪ್ರಾಥಮಿಕ ಮಿತಿಯನ್ನು ಆರಿಸುವ ಅಗತ್ಯವನ್ನೇ ತಪ್ಪಿಸುವ, ಸ್ಟೀಫನ್ ಸ್ಮಿತ್ ಮತ್ತು ನಿಕೋಲ್ಸ್ 2009ರಲ್ಲಿ ರೂಪಿಸಿದ ಟಿಎಫ್‌ಸಿಇ ಎಂಬ ವಿಧಾನವನ್ನೂ ಕ್ರಮಯೋಜನೆಯೊಡನೆ ಬಳಸಲಾಗುತ್ತದೆ.

ಗುಚ್ಛವು ಸಾರ್ಥಕವಾದರೆ ಅದರೊಳಗೆ ಎಲ್ಲೋ ವ್ಯತ್ಯಾಸವಿದೆ ಎಂದಷ್ಟೇ ತಿಳಿಯುತ್ತದೆ. ಅದರ ಪ್ರತಿಯೊಂದು ವಾಕ್ಸೆಲ್‌ನಲ್ಲಿಯೂ ವ್ಯತ್ಯಾಸವಿದೆ ಎಂದು ಅರ್ಥೈಸಬಾರದು.

ಹೋಲಿಕೆಯನ್ನು ಕೆಡಿಸುವ ಅಂಶಗಳು

ಗುಂಪಿನೊಡನೆ ಬೆರೆತು ಅಳತೆಯ ಮೇಲೆ ಪ್ರಭಾವ ಬೀರುವ ಅಂಶಗಳನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಸರಿಯಾದ ಪರೀಕ್ಷೆಯೂ ತಪ್ಪು ತೀರ್ಮಾನ ನೀಡುತ್ತದೆ. ತಲೆಯ ಗಾತ್ರ ದೊಡ್ಡದಾಗಿರುವವರ ಮಿದುಳಿನ ಭಾಗಗಳೂ ಸಾಮಾನ್ಯವಾಗಿ ದೊಡ್ಡದಾಗಿರುತ್ತವೆ. ಆದ್ದರಿಂದ ಗಾತ್ರಗಳನ್ನು ಹೋಲಿಸುವಾಗ ಕಪಾಲದೊಳಗಿನ ಒಟ್ಟು ಗಾತ್ರ, ವಯಸ್ಸು ಮತ್ತು ಲಿಂಗಗಳನ್ನು ಮಾದರಿಯಲ್ಲಿ ಸೇರಿಸುವುದು ರೂಢಿ. ಯಂತ್ರದೊಳಗೆ ತಲೆ ಅಲುಗಾಡಿದರೆ ಬೂದು ದ್ರವ್ಯವು ಇರುವುದಕ್ಕಿಂತ ತೆಳುವಾಗಿ ಕಾಣಬಹುದು. ರೋಗಿಗಳು ಹೆಚ್ಚು ಅಲುಗಾಡುವ ಸಂಭವವಿರುವುದರಿಂದ ಇದನ್ನೇ ರೋಗದ ಲಕ್ಷಣವೆಂದು ತಪ್ಪಾಗಿ ಭಾವಿಸುವ ಅಪಾಯವಿದೆ.

ಆದರೆ ಲೆಕ್ಕದಿಂದ ಎಲ್ಲವನ್ನೂ ಸರಿಪಡಿಸಲಾಗದು. ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ಬೆಂಗಳೂರಿನ ಹಿರಿಯರೊಡನೆ ಹೋಲಿಸುವುದಾದರೆ, ಶಾಲೆಯಲ್ಲಿ ಕಲಿತ ವರ್ಷಗಳು, ಆಹಾರ, ದುಡಿಮೆ, ವೈದ್ಯಕೀಯ ಸೌಲಭ್ಯ ಇವೆಲ್ಲವೂ ಊರಿನೊಡನೆಯೇ ಬದಲಾಗಬಹುದು. ಕಲಿಕೆಯ ವರ್ಷಗಳನ್ನು ಮಾದರಿಯಲ್ಲಿ ಸೇರಿಸಿದ ಮಾತ್ರಕ್ಕೆ 'ಕಲಿಕೆ ಸಮನಾಗಿದ್ದರೆ ಹೀಗಿರುತ್ತಿತ್ತು' ಎಂದು ಹೇಳಲು ಬರುವುದಿಲ್ಲ. ಒಂದು ಗುಂಪಿನಲ್ಲಿ ಶಾಲೆ ಕಾಣದವರೇ ಹೆಚ್ಚಾಗಿದ್ದು, ಮತ್ತೊಂದರಲ್ಲಿ ಪದವೀಧರರೇ ಹೆಚ್ಚಾಗಿದ್ದರೆ ಸಮಾನ ಕಲಿಕೆಯ ಜನರೇ ಹೋಲಿಕೆಗೆ ಸಿಗುವುದಿಲ್ಲ. ಸಹಪ್ರಸರಣ ವಿಶ್ಲೇಷಣೆಯ ಈ ಮಿತಿಯನ್ನು ಮಿಲ್ಲರ್ ಮತ್ತು ಚಾಪ್‌ಮನ್ 2001ರಲ್ಲಿ ವಿವರವಾಗಿ ಚರ್ಚಿಸಿದರು. ಒಂದೇ ಊರಿನೊಳಗೆ ವಯಸ್ಸು ಮತ್ತು ಕಲಿಕೆ ಹೊಂದುವ ಜನರನ್ನು ಆರಿಸಿಕೊಂಡು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ.

ಯಂತ್ರಗಳ ಭೇದವೂ ಇಂಥದೇ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಜಂಟಿಯಾಗಿ ನಡೆಸಿದ ಸಿ-ವೇದಾ ಅಧ್ಯಯನವು ಬೆಂಗಳೂರು ಮತ್ತು ಮೈಸೂರು ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ 6ರಿಂದ 23 ವರ್ಷ ವಯಸ್ಸಿನವರನ್ನು ಒಳಗೊಂಡಿತ್ತು. ಇಂತಹ ಬಹುಕೇಂದ್ರ ಅಧ್ಯಯನಗಳಲ್ಲಿ ಕೇಂದ್ರವನ್ನೂ ಒಂದು ಅಂಶವಾಗಿ ಮಾದರಿಯಲ್ಲಿ ಸೇರಿಸಬೇಕಾಗುತ್ತದೆ ಅಥವಾ ಕಾಂಬ್ಯಾಟ್‌ನಂತಹ ಹೊಂದಾಣಿಕೆಯ ವಿಧಾನವನ್ನು ಬಳಸಬೇಕಾಗುತ್ತದೆ. ರೋಗಿಗಳೆಲ್ಲರನ್ನೂ ಒಂದು ಯಂತ್ರದಲ್ಲಿ, ಆರೋಗ್ಯವಂತರೆಲ್ಲರನ್ನೂ ಮತ್ತೊಂದರಲ್ಲಿ ಚಿತ್ರಿಸಿದ್ದರೆ ಯಾವ ಪರೀಕ್ಷೆಯೂ ರೋಗದ ಪರಿಣಾಮವನ್ನು ಯಂತ್ರದ ಪರಿಣಾಮದಿಂದ ಬೇರ್ಪಡಿಸಲಾರದು.

ಸಾಮಾನ್ಯ ತಪ್ಪುಗಳು

ವ್ಯತ್ಯಾಸವನ್ನು ನೇರವಾಗಿ ಪರೀಕ್ಷಿಸದಿರುವುದು: ಒಂದು ಗುಂಪಿನಲ್ಲಿ ಬದಲಾವಣೆಯು 0.60, ಅದರ ಮಾನಕ ದೋಷ 0.25 ಎಂದಿರಲಿ. ಅನುಪಾತ 2.4 ಆಗಿ, ಸಾಕಷ್ಟು ಭಾಗಿಗಳಿದ್ದರೆ ಬದಲಾವಣೆ ಸಾರ್ಥಕವೆನಿಸುತ್ತದೆ. ಮತ್ತೊಂದು ಗುಂಪಿನಲ್ಲಿ ಬದಲಾವಣೆ 0.35, ಮಾನಕ ದೋಷ 0.25. ಅನುಪಾತ 1.4 ಆಗಿ ಸಾರ್ಥಕವೆನಿಸುವುದಿಲ್ಲ. ಇದರಿಂದ 'ಗುಂಪುಗಳು ಬೇರೆ ಬೇರೆ' ಎಂದು ತೀರ್ಮಾನಿಸುವುದು ತಪ್ಪು. ಎರಡರ ವ್ಯತ್ಯಾಸ 0.25, ಅದರ ಮಾನಕ ದೋಷ 0.35. ಅನುಪಾತ 0.7 ಮಾತ್ರ. 2011ರಲ್ಲಿ ನ್ಯೂವೆನ್‌ಹೌಸ್ ಮತ್ತು ಸಂಗಡಿಗರು ನರವಿಜ್ಞಾನದ 513 ಲೇಖನಗಳನ್ನು ಪರಿಶೀಲಿಸಿದಾಗ, ಇಂತಹ ಹೋಲಿಕೆಯಿದ್ದ 157 ಲೇಖನಗಳಲ್ಲಿ 79 ಲೇಖನಗಳು ಈ ತಪ್ಪನ್ನು ಮಾಡಿದ್ದವು.

ಕಡಿಮೆ ಭಾಗಿಗಳು: 2013ರಲ್ಲಿ ಕ್ಯಾಥರೀನ್ ಬಟನ್ ಮತ್ತು ಸಂಗಡಿಗರು ನರವಿಜ್ಞಾನದ ಅಧ್ಯಯನಗಳ ಸಾಮರ್ಥ್ಯದ ಮಧ್ಯಾಂಕವನ್ನು ಶೇಕಡಾ 21 ಎಂದು ಅಂದಾಜು ಮಾಡಿದರು. ಸಾಮರ್ಥ್ಯ ಕಡಿಮೆಯಿರುವಾಗ ನಿಜವಾದ ವ್ಯತ್ಯಾಸಗಳು ತಪ್ಪಿಹೋಗುವುದಲ್ಲದೆ, ಸಾರ್ಥಕವಾಗಿ ಕಂಡವು ಇರುವುದಕ್ಕಿಂತ ದೊಡ್ಡದಾಗಿ ತೋರುತ್ತವೆ.

ಸುತ್ತು ವಿಶ್ಲೇಷಣೆ: ವ್ಯತ್ಯಾಸ ಕಂಡ ಜಾಗವನ್ನು ಮೊದಲು ಗುರುತಿಸಿ, ಅದೇ ಜಾಗದಲ್ಲಿ ಅದೇ ಮಾಹಿತಿಯಿಂದ ವ್ಯತ್ಯಾಸದ ಗಾತ್ರವನ್ನು ಮತ್ತೆ ಲೆಕ್ಕ ಹಾಕುವುದು. ಗುರುತಿಸಲು ಮತ್ತು ಅಳೆಯಲು ಬೇರೆ ಬೇರೆ ಮಾಹಿತಿಯನ್ನು ಬಳಸಬೇಕು.

ಹಲವು ದಾರಿಗಳಲ್ಲಿ ಅನುಕೂಲವಾದುದನ್ನು ಆರಿಸುವುದು: 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 70 ತಂಡಗಳಿಗೆ ಒಂದೇ ಎಫ್‌ಎಂಆರ್‌ಐ ಮಾಹಿತಿಯನ್ನು ನೀಡಿ ಒಂಬತ್ತು ಪ್ರಾಕ್ಕಲ್ಪನೆಗಳನ್ನು ಪರೀಕ್ಷಿಸಲು ಕೇಳಲಾಯಿತು. ಹಲವು ಪ್ರಾಕ್ಕಲ್ಪನೆಗಳ ವಿಷಯದಲ್ಲಿ ತಂಡಗಳ ತೀರ್ಮಾನಗಳು ಪರಸ್ಪರ ಭಿನ್ನವಾಗಿದ್ದವು. ಪ್ರಾಮಾಣಿಕವಾದ ಆಯ್ಕೆಗಳೇ ಇಷ್ಟು ಭೇದ ತರುವುದರಿಂದ, ವಿಶ್ಲೇಷಣೆಯ ಯೋಜನೆಯನ್ನು ಮುಂಚಿತವಾಗಿ ನೋಂದಾಯಿಸುವ ಪದ್ಧತಿಗೆ ಮಹತ್ವ ಬಂದಿದೆ.

ಆಯ್ಕೆಯ ಕ್ರಮ

ಗುಂಪು ಹೋಲಿಕೆಯ ಅಧ್ಯಯನದಲ್ಲಿ ಪರೀಕ್ಷೆಯನ್ನು ಆರಿಸುವಾಗ ಈ ಕ್ರಮವನ್ನು ಅನುಸರಿಸಬಹುದು:

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ವ್ಯತ್ಯಾಸ ಇದೆಯೇ, ಬದಲಾವಣೆಯ ವೇಗ ಬೇರೆಯೇ, ಅಥವಾ ಗುಂಪುಗಳು ಸಮಾನವೇ ಎಂಬುದನ್ನು ಸ್ಪಷ್ಟಪಡಿಸುವುದು. ಸಮಾನತೆಯನ್ನು ತೋರಿಸಲು ಪ್ರತ್ಯೇಕವಾದ ಸಮಾನತಾ ಪರೀಕ್ಷೆಗಳಿವೆ.
2. ಒಂದು ಅಥವಾ ಕೆಲವು ನಿಗದಿತ ಭಾಗಗಳನ್ನು ನೋಡಬೇಕೇ, ಇಡೀ ಮಿದುಳನ್ನು ನೋಡಬೇಕೇ ಎಂಬುದನ್ನು ನಿರ್ಧರಿಸುವುದು.
3. ಗುಂಪುಗಳ ಸಂಖ್ಯೆ ಮತ್ತು ಅಳತೆಗಳ ಸ್ವರೂಪಕ್ಕೆ ಹೊಂದುವ ಮಾದರಿಯನ್ನು ಆರಿಸುವುದು.
4. ವಯಸ್ಸು, ಲಿಂಗ, ತಲೆಯ ಗಾತ್ರ, ಅಲುಗಾಟ, ಯಂತ್ರ ಮೊದಲಾದವುಗಳಲ್ಲಿ ಯಾವುದನ್ನು ಸೇರಿಸಬೇಕೆಂದು ಗೊತ್ತುಪಡಿಸುವುದು.
5. ಗೃಹೀತಗಳು ಸಂದೇಹಾಸ್ಪದವಾಗಿದ್ದರೆ ಕ್ರಮಯೋಜನಾ ಪರೀಕ್ಷೆಯನ್ನು ಬಳಸುವುದು.
6. ಬಹು ಹೋಲಿಕೆಯ ತಿದ್ದುಪಡಿಯ ವಿಧಾನವನ್ನು ಮತ್ತು ಬೇಕಾದ ಭಾಗಿಗಳ ಸಂಖ್ಯೆಯನ್ನು ಮೊದಲೇ ನಿಗದಿಪಡಿಸುವುದು.
7. ಪಿ-ಮೌಲ್ಯದೊಡನೆ ವ್ಯತ್ಯಾಸದ ಗಾತ್ರವನ್ನೂ ವಿಶ್ವಾಸಾಂತರವನ್ನೂ ವರದಿ ಮಾಡುವುದು. ಸಾರ್ಥಕವಾಗದ ಫಲಿತಾಂಶಗಳನ್ನೂ ಪ್ರಕಟಿಸುವುದು.

ಗುಂಪು ಹೋಲಿಕೆಯ ಅಧ್ಯಯನದಲ್ಲಿ ದೊರೆತ ಸಾರ್ಥಕ ವ್ಯತ್ಯಾಸವು ಒಬ್ಬ ವ್ಯಕ್ತಿಯ ರೋಗನಿರ್ಣಯಕ್ಕೆ ತಾನಾಗಿಯೇ ಆಧಾರವಾಗುವುದಿಲ್ಲ. ಅದಕ್ಕೆ ಆ ಅಳತೆಯು ರೋಗವುಳ್ಳವರನ್ನೂ ಇಲ್ಲದವರನ್ನೂ ಎಷ್ಟು ನಿಖರವಾಗಿ ಬೇರ್ಪಡಿಸುತ್ತದೆ ಎಂಬುದನ್ನು ಅಧ್ಯಯನದಲ್ಲಿ ಭಾಗವಹಿಸದ ಹೊಸ ಜನರಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.